ಬೆಳೆಯದಿದ್ದರೆ ಸಹಾಯಧನ

ಊರವರು ಅವನಿಗೆ ಇಟ್ಟ ಹೆಸರು ಸಾಲಪ್ಪ. ಹೊಸಬರು ಕೇಳಿದರೆ, ಕಂಡಕಂಡಲ್ಲಿ ಸಾಲ ಮಾಡಿ ತಲೆಮರೆಸಿಕೊಂಡು ತಿರುಗುವ ಆಸಾಮಿ ಇರಬೇಕು ಎಂದುಕೊಳ್ಳುತ್ತಿದ್ದರು. ಬ್ಯಾಂಕಿಗೆ ಹೊಸದಾಗಿ ಬಂದ ಮ್ಯಾನೇಜರ್ ಒಬ್ಬ, ಕೌಂಟರಿನ ಆಚೆಯಿಂದ ಯಾರೋ ಆ ಹೆಸರು ಕೂಗಿದ್ದು ಕೇಳಿ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಿದ್ದನಂತೆ. ನಿಜಕ್ಕೂ ಅವನು ಯಾರೆದುರೂ ಕೈಚಾಚಿದವನಲ್ಲ. ಹೆಸರು ಬಂದದ್ದು ಅವನು ಬಿತ್ತುವ ಸಾಲುಗಳಿಂದ. ದಿಬ್ಬವಿರಲಿ ಇಳಿಜಾರಿರಲಿ, ಅವನ ಟ್ರ್ಯಾಕ್ಟರ್ ಹಾದುಹೋದ ಮೇಲೆ ನೆಲದ ಮೇಲೆ ದಾರ ಹಿಡಿದು ಎಳೆದಂತೆ ಸಾಲು ಮೂಡುತ್ತಿತ್ತು. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ನೋಡಿಯೇ "ಇದು ಸಾಲಪ್ಪಂದೇ ಕೆಲಸ" ಎನ್ನುತ್ತಿದ್ದರು.

ಕೆಲಸ ಅವನದು, ಹೊಲ ಮಾತ್ರ ಅವನದಲ್ಲ. ಅವನಿಗೆ ಇದ್ದದ್ದು ತಗಡಿನ ಮಾಡಿನ ಒಂದು ಮನೆ, ಅಪ್ಪ ಬಿಟ್ಟುಹೋದ ಹಳೆಯ ಟ್ರ್ಯಾಕ್ಟರ್ ಮತ್ತು ಅದನ್ನು ನಿಲ್ಲಿಸಲು ಮನೆಯ ಪಕ್ಕ ಒಂದು ಚಪ್ಪರ. ಹೊಲ ನರ್ಸಕ್ಕನದು. ಊರಿನ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುತ್ತ ನಿವೃತ್ತಿಯಾದ ಹೆಂಗಸು. ಮದುವೆಯಾಗಲಿಲ್ಲ, ಅಪ್ಪನಿಂದ ಬಂದ ಹೊಲವನ್ನು ಮಾರಲೂ ಇಲ್ಲ. ಸಾಲಪ್ಪನ ಹೆಂಡತಿಗೆ ಹೆರಿಗೆ ಕಷ್ಟವಾದಾಗ ಇಡೀ ದಿನ ಪಕ್ಕದಿಂದ ಏಳದೆ ತಾಯಿಯನ್ನೂ ಮಗುವನ್ನೂ ಉಳಿಸಿಕೊಟ್ಟವಳು ಅವಳೇ. ಆ ಹೆಣ್ಣುಮಗು ಬೆಳೆದು, ಮದುವೆಯಾಗಿ, ಈಗ ಬೇರೆ ಊರಿನಲ್ಲಿ ಹಾಯಾಗಿದ್ದಾಳೆ. ಮಗಳು ಹುಟ್ಟಿದ ಮರುವರ್ಷವೇ ನರ್ಸಕ್ಕ ಅವನನ್ನು ಕರೆದು, "ತಮ್ಮಾ, ನನ್ನ ಹೊಲ ನೀನೇ ಮಾಡು. ಬೇರೆಯವರಿಗೆ ಕೊಟ್ಟು ಅವರ ಹಿಂದೆ ಓಡಾಡೋಕೆ ನನ್ನ ಕೈಲಾಗಲ್ಲ" ಎಂದಿದ್ದಳು. ಅಷ್ಟೇ ಮಾತು. ಕಾಗದ ಪತ್ರ ಏನೂ ಆಗಲಿಲ್ಲ. ಆಗಬೇಕು ಎಂದು ಇಬ್ಬರಿಗೂ ಹೊಳೆಯಲೂ ಇಲ್ಲ.

ಒಂದು ವರ್ಷ ಗೋಧಿ, ಒಂದು ವರ್ಷ ಸೂರ್ಯಕಾಂತಿ, ನಡುವೆ ನೆಲಕ್ಕೆ ಬಲ ಬರಲೆಂದು ಕಾಳು. ಹೀಗೆ ನಡೆದುಕೊಂಡು ಬಂತು. ಬೆಳೆ ಹಾಕಿದ ಹೊಲಕ್ಕೆ ಸರ್ಕಾರ ವರ್ಷವರ್ಷ ಸಹಾಯಧನ ಕೊಡುತ್ತಿತ್ತು. ಅದು ಹೊಲ ಯಾರ ಹೆಸರಿನಲ್ಲಿದೆಯೋ ಅವರ ಖಾತೆಗೆ ಬೀಳುವುದು. ಎಷ್ಟೋ ಮಾಲೀಕರು ಅದನ್ನು ಸದ್ದಿಲ್ಲದೆ ಜೇಬಿಗಿಳಿಸುತ್ತಿದ್ದರು. ನರ್ಸಕ್ಕ ಹಾಗಲ್ಲ. ಹಣ ಬಂದ ದಿನವೇ ಕೊಡೆ ಊರಿಕೊಂಡು ಅವನ ಮನೆಗೆ ಬಂದು, ಅರ್ಧ ಪಾಲನ್ನು ಸಾಲಪ್ಪನ ಹೆಂಡತಿಯ ಕೈಗೆ ಹಾಕಿ, "ಇವನ ಕೈಗೆ ಕೊಟ್ರೆ ಟ್ರ್ಯಾಕ್ಟರಿಗೆ ಹೊಸ ಟೈರ್ ತಂದು ಅದಕ್ಕೆ ಮುದ್ದು ಮಾಡ್ತಾನೆ" ಎಂದು ನಗುತ್ತಿದ್ದಳು.

ಹೆಂಡತಿ ಊರ ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುತ್ತಿದ್ದಳು. ಮಾತು ಚುರುಕು. "ನಿಮ್ಮ ಅಕ್ಕ ಒಡಹುಟ್ಟಿದವರಿಗಿಂತ ಹೆಚ್ಚು ಬಿಡಿ. ನಮ್ಮಣ್ಣ ಒಂದು ಗುಂಡಿ ಕೊಡೋಕೂ ಲೆಕ್ಕ ಹಾಕ್ತಾನೆ" ಎಂದು ಗಂಡನೆದುರು ಹೇಳಿಕೊಳ್ಳುತ್ತಿದ್ದಳು.

ಅಂಥ ಕಾಲದಲ್ಲಿ ಕೃಷಿ ಕಚೇರಿಯವರು ಊರ ಸಭಾಭವನದಲ್ಲಿ ಸಭೆ ಕರೆದರು. ಸಹಾಯಧನದ ನಿಯಮ ಬದಲಾಗುತ್ತದಂತೆ, ಇನ್ನು ಹೆಚ್ಚು ಸಿಗುತ್ತದಂತೆ ಎಂದು ಸುದ್ದಿ. ನರ್ಸಕ್ಕನಿಗೆ ಮಂಡಿನೋವು, ಬರಲು ಮನಸ್ಸಿರಲಿಲ್ಲ. "ನೀನೇ ಹೋಗಿ ಕೇಳ್ಕೊಂಡು ಬಾರೋ" ಎಂದಳು. ಸಾಲಪ್ಪ ಬಿಡಲಿಲ್ಲ. "ಮಾಲೀಕರೇ ಬರ್ಬೇಕಂತೆ ಅಕ್ಕಾ. ಇಂಥದ್ದನ್ನೆಲ್ಲ ಕೈ ಬಿಡಬಾರ್ದು" ಎಂದು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ದಿಂಬು ಹಾಕಿ ಕೂರಿಸಿಕೊಂಡೇ ಹೋದ. ದಾರಿಯುದ್ದಕ್ಕೂ ಅವಳು ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಅವನ ಭುಜ ಹಿಡಿದು, "ಮೆಲ್ಲಗೆ ಹೋಗೋ, ನಾನೇನು ಗೊಬ್ಬರದ ಮೂಟೆ ಅಲ್ಲ" ಎನ್ನುತ್ತಿದ್ದಳು.

ಅಧಿಕಾರಿ ಚಿಕ್ಕ ವಯಸ್ಸಿನವನು, ಮೃದುವಾಗಿ ಮಾತಾಡುವವನು. ಗೋಡೆಯ ಮೇಲೆ ಚಿತ್ರಗಳನ್ನು ಬಿಟ್ಟು ವಿವರಿಸಿದ. ನೆಲ ದಣಿದಿದೆ. ಗೊಬ್ಬರ ಸುರಿದು ಸುರಿದು ಕೆಳಗಿನ ನೀರೂ ಕೆಟ್ಟಿದೆ. ಗೋದಾಮುಗಳಲ್ಲಿ ಧಾನ್ಯ ಬಿದ್ದುಕೊಂಡಿದೆ. ಆದ್ದರಿಂದ ಇನ್ನುಮುಂದೆ ಬೆಳೆಗೆ ಕೊಡುವ ಸಹಾಯಧನ ನಿಲ್ಲುತ್ತದೆ. ಬದಲಿಗೆ ಯಾರು ತಮ್ಮ ಹೊಲವನ್ನು ಹತ್ತು ವರ್ಷ ಬೀಳುಬಿಡಲು ಒಪ್ಪಿ ಸಹಿ ಹಾಕುತ್ತಾರೋ ಅವರಿಗೆ, ಹಿಂದೆ ಸಿಗುತ್ತಿದ್ದದ್ದರ ಎಷ್ಟೋ ಪಟ್ಟು ವರ್ಷವರ್ಷ ಖಾತೆಗೆ ಬರುತ್ತದೆ.

ಸಾಲಪ್ಪ ಮೊದಲು ತಾನು ತಪ್ಪು ಕೇಳಿಸಿಕೊಂಡೆ ಎಂದುಕೊಂಡ. ಪಕ್ಕದಲ್ಲಿದ್ದ ಗಿರಣಿಯವನನ್ನು ತಿವಿದು, "ಏನಂದ್ರು? ಬೆಳೆದ್ರೆ ಕೊಡ್ತಾರಂತಾ?" ಎಂದು ಕೇಳಿದ.

"ಬೆಳೀದೇ ಇದ್ರೆ ಕೊಡ್ತಾರಂತೆ" ಎಂದ ಗಿರಣಿಯವನು. "ನಾನೂ ಹಿಟ್ಟು ಬೀಸ್ದೇ ಇರ್ತೀನಿ, ಕೊಡ್ತಾರಾ ಕೇಳು."

ಸುತ್ತ ಇದ್ದವರು ನಕ್ಕರು. ಸಾಲಪ್ಪನೂ ನಕ್ಕ. ಆಮೇಲೆ ಕತ್ತು ತಿರುಗಿಸಿ ನರ್ಸಕ್ಕನನ್ನು ನೋಡಿದ. ಅವಳು ನಗುತ್ತಿರಲಿಲ್ಲ. ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಗೋಡೆಯ ಮೇಲಿನ ಅಂಕಿಗಳನ್ನು ಓದುತ್ತಿದ್ದಳು.

ನರ್ಸಕ್ಕನಿಗೆ ಒಬ್ಬಳು ತಂಗಿ. ಮಾತು, ನಡೆ ಎರಡೂ ಹೋಗಿ ಎಷ್ಟೋ ವರ್ಷದಿಂದ ನಗರದ ನರ್ಸಿಂಗ್ ಹೋಮಿನಲ್ಲಿ ಮಲಗಿದಲ್ಲೇ ಇದ್ದಳು. ಜೀವಮಾನವೆಲ್ಲ ಬೇರೆಯವರ ಆರೈಕೆ ಮಾಡಿದ ಅಕ್ಕನಿಗೆ ಈಗ ತಂಗಿಯನ್ನು ಎತ್ತಿ ಹೊರಳಿಸುವಷ್ಟು ತ್ರಾಣವಿರಲಿಲ್ಲ. ಪಿಂಚಣಿಯೆಲ್ಲ ಆ ಬಾಗಿಲಿಗೇ ಹೋಗುತ್ತಿತ್ತು. ಅದೂ ಸಾಕಾಗದ್ದರಿಂದ ತಂಗಿಯನ್ನು ಕಿಟಕಿಯಿಲ್ಲದ, ಆರು ಜನ ಮಲಗುವ ಕೋಣೆಗೆ ಬದಲಾಯಿಸಿದ್ದರು. ಇದು ಸಾಲಪ್ಪನಿಗೆ ಗೊತ್ತಿತ್ತು. ಪ್ರತಿ ತಿಂಗಳು ನರ್ಸಕ್ಕ ಅಲ್ಲಿಗೆ ಹೋಗಿಬಂದ ದಿನ ಅವಳ ಮನೆಯಲ್ಲಿ ದೀಪ ಬೇಗ ಆರುತ್ತಿದ್ದುದನ್ನು ಅವನು ಕಂಡಿದ್ದ.

ಸಭೆಯಾದ ಮೇಲೆ ಕೆಲವು ದಿನ ಅವಳು ಅವನ ಕಣ್ಣಿಗೆ ಬೀಳಲಿಲ್ಲ. ಆಮೇಲೆ ಒಂದು ಬೆಳಗ್ಗೆ ಬಂದಳು. ಒಳಗೆ ಕರೆದರೂ ಬರಲಿಲ್ಲ. ಚಪ್ಪರದ ಕಂಬ ಹಿಡಿದು ನಿಂತೇ ಮಾತಾಡಿದಳು.

"ತಮ್ಮಾ, ನಾನು ನಿನಗೆ ಏನು ಹೇಳೋಕೆ ಬಂದಿದೀನಿ ಅಂತ ನಿನಗೆ ಗೊತ್ತು."

"ಗೊತ್ತು ಅಕ್ಕಾ."

"ಅವಳನ್ನ ಒಂದು ಬೆಳಕಿರೋ ಕೋಣೆಗೆ ಹಾಕಿಸ್ಬೇಕು ಕಣೋ. ಮೊನ್ನೆ ಹೋದಾಗ ನನ್ನ ಕೈ ಹಿಡ್ಕೊಂಡು ಬಿಡ್ಲೇ ಇಲ್ಲ. ನೀನು ಬೇಡ ಅಂದ್ರೆ ನಾನು ಸಹಿ ಹಾಕಲ್ಲ. ನಿನ್ನಾಣೆ ಹಾಕಲ್ಲ."

ಟ್ರ್ಯಾಕ್ಟರಿನ ಕೆಳಗೆ ಮಲಗಿ ಬೋಲ್ಟ್ ಬಿಗಿಮಾಡುತ್ತಿದ್ದ ಸಾಲಪ್ಪ ಎದ್ದು ಬಂದು, ಎಣ್ಣೆಯ ಕೈಯನ್ನು ಚಿಂದಿಗೆ ಒರೆಸಿಕೊಂಡ. ಎಷ್ಟು ಒರೆಸಿದರೂ ಮುಗಿಯದಂತೆ ಒರೆಸಿದ. ಬೇಡ ಎಂದರೆ ಆಕೆ ನಿಜಕ್ಕೂ ಸಹಿ ಹಾಕುವವಳಲ್ಲ ಎಂಬುದೇ ಅವನಿಗೆ ಬಿಸಿತುಪ್ಪವಾಯಿತು. ಜಗಳ ಆಡುವವಳಾಗಿದ್ದರೆ ಅವನೂ ಆಡಬಹುದಿತ್ತು.

"ಹಾಕ್ಬಿಡಿ ಅಕ್ಕಾ" ಎಂದ. "ನನಗೇನು, ಗುತ್ತಿಗೆಗೆ ಬೇರೆ ಹೊಲ ಸಿಗುತ್ತೆ."

ಅವಳು ಹೋದ ಮೇಲೆ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ಬಾಗಿಲಿಗೆ ಬಂದಳು. "ಅದ್ಯಾಕ್ರೀ ಹೂಂ ಅಂದ್ರಿ?"

"ಇನ್ನೇನು ಅನ್ಲಿ ಹೇಳು. ಅಕ್ಕಾ, ನಿಮ್ಮ ತಂಗಿ ಕತ್ತಲಲ್ಲೇ ಬಿದ್ದಿರ್ಲಿ, ನನಗೆ ಸೂರ್ಯಕಾಂತಿ ಬಿತ್ತಬೇಕು ಅನ್ಲಾ?"

ಮಾತಿಗೆ ಎಂದೂ ತಡವರಿಸದ ಹೆಂಡತಿ ಒಳಗೆ ಹೋಗಿ, ಹೊಲಿದಿದ್ದ ಅಂಗಿಯ ತೋಳನ್ನೇ ಬಿಚ್ಚಿ ಮತ್ತೆ ಹೊಲಿಯಲು ಕೂತಳು.

ಬೇರೆ ಹೊಲ ಸಿಗಲಿಲ್ಲ. ಗುತ್ತಿಗೆಗೆ ಕೊಡುತ್ತಿದ್ದ ಮಾಲೀಕರೆಲ್ಲ ಸರದಿಯಲ್ಲಿ ನಿಂತು ಸಹಿ ಹಾಕಿ ಬಂದಿದ್ದರು. ಉಳುಮೆಯಿಲ್ಲ, ಕೂಲಿಯಿಲ್ಲ, ಮಳೆ ಬಂತೋ ಬಿಟ್ಟಿತೋ ಎಂಬ ಚಿಂತೆಯಿಲ್ಲ; ಕಾಲ ಮೇಲೆ ಕಾಲು ಹಾಕಿ ಕೂತರೆ ಹಣ ಬರುವಾಗ ಯಾರು ತಾನೆ ಬಿಡುತ್ತಾರೆ. ಸ್ವಂತ ಹೊಲ ಸ್ವಂತ ಕೈಯಲ್ಲಿ ಮಾಡುವವರು ಮಾತ್ರ ಮಾಡಿಕೊಂಡಿದ್ದರು, ಅವರಿಗೆ ಇವನ ಅಗತ್ಯವಿರಲಿಲ್ಲ. ಸಾಲಪ್ಪ ಅಕ್ಕಪಕ್ಕದ ಊರುಗಳನ್ನೂ ಸುತ್ತಿದ. ಹೋದಲ್ಲೆಲ್ಲ ಕೂರಿಸಿ ಚಹಾ ಕೊಟ್ಟು, ಅವನ ಕೆಲಸವನ್ನು ಬಾಯ್ತುಂಬ ಹೊಗಳಿ, ಬರಿಗೈಯಲ್ಲಿ ಕಳಿಸಿದರು.

ಒಮ್ಮೆ ಕೃಷಿ ಕಚೇರಿಗೂ ಹೋಗಿಬಂದ. ಕಿಟಕಿಯಾಚೆ ಇದ್ದ ಗುಮಾಸ್ತೆ ಸೌಜನ್ಯದ ಹೆಂಗಸು. ಸಾಲಿನಲ್ಲಿ ಅವನ ಹಿಂದೆ ಜನ ಗೊಣಗುತ್ತಿದ್ದರೂ ಅವನ ಮಾತನ್ನೆಲ್ಲ ಕೇಳಿಸಿಕೊಂಡಳು.

"ಉಳುವವರಿಗೆ ಏನಾದ್ರೂ ಪರಿಹಾರ ಇದ್ಯಾ ಮೇಡಂ?"

"ಇದೆಯಣ್ಣ. ಮಾಲೀಕರು ಸಹಿ ಹಾಕೋಕೆ ಮುಂಚೆನೇ ಗುತ್ತಿಗೆ ಪತ್ರ ಮಾಡ್ಕೊಂಡಿದ್ದವರಿಗೆ ಒಂದು ಪಾಲು ಅಂತ ಇದೆ. ನಿಮ್ಮ ಹತ್ರ ಪತ್ರ ಇದ್ಯಾ?"

"ಪತ್ರ ಇಲ್ಲ. ನಾನು ಬಿತ್ತಿದ್ದು ಇಡೀ ಊರಿಗೇ ಗೊತ್ತು. ಬಸ್ಸಲ್ಲಿ ಹೋಗೋರಿಗೂ ಗೊತ್ತು."

ಅವಳು ಕಂಪ್ಯೂಟರಿನ ಪರದೆಯನ್ನು ಅವನ ಕಡೆಗೆ ತಿರುಗಿಸಿದಳು. "ನೋಡಿ, ಈ ಹೊಲಕ್ಕೆ ಮಾಲೀಕರು ಅಂತ ಇದೆ, ಬೆಳೆ ಅಂತ ಇದೆ. ಬೆಳೆದವರು ಯಾರು ಅನ್ನೋದಕ್ಕೆ ಇಲ್ಲಿ ಜಾಗವೇ ಇಲ್ಲ. ನಾನು ಬರೀಬೇಕು ಅಂದ್ರೂ ಎಲ್ಲಿ ಬರೀಲಿ ಹೇಳಿ."

ಅವನು ಪರದೆಯನ್ನು ನೋಡಿದ. ನಿಜವಾಗಿಯೂ ಜಾಗವಿರಲಿಲ್ಲ. "ಆಯ್ತಮ್ಮಾ" ಎಂದು, ಹಿಂದಿನವನಿಗೆ ದಾರಿ ಬಿಟ್ಟು ಹೊರಗೆ ಬಂದ. ಮೆಟ್ಟಿಲಿಳಿದ ಮೇಲೆ ಯಾವ ಕಡೆ ಹೋಗಬೇಕೆಂದು ತೋಚದೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಜನ ಅವನನ್ನು ಬಳಸಿಕೊಂಡು ಓಡಾಡಿದರು.

ಮರುವರ್ಷ ಮಳೆ ಬಿದ್ದಾಗ ಬೀಳುಬಿಟ್ಟ ಹೊಲದಲ್ಲಿ ಹುಲ್ಲಿನ ನಡುವೆ ಸೂರ್ಯಕಾಂತಿ ತಾನಾಗಿ ಹುಟ್ಟಿತು. ಕೊನೆಯ ಕೊಯ್ಲಿನಲ್ಲಿ ಉದುರಿದ ಬೀಜ. ದಿಬ್ಬದ ಓರೆಯಲ್ಲಂತೂ ಒತ್ತೊತ್ತಾಗಿ ಎದ್ದುಬಂತು. ಸಾಲಿಲ್ಲ, ಲೆಕ್ಕವಿಲ್ಲ, ಗೊಬ್ಬರವಿಲ್ಲ. ಆದರೂ ಕಾಂಡ ಹೆಬ್ಬೆರಳಿಗಿಂತ ದಪ್ಪ, ಎಲೆ ಮೊರದಗಲ. ಸಾಲಪ್ಪ ದಾರಿಯಲ್ಲಿ ಹೋಗುವಾಗ ನಿಂತು ನೋಡುತ್ತಿದ್ದ. ಬೇಲಿ ದಾಟುತ್ತಿರಲಿಲ್ಲ. ಹೂವು ಬಿಟ್ಟ ವಾರ ಹೆಂಡತಿಯನ್ನೂ ಕರೆದುಕೊಂಡು ಹೋಗಿ ತೋರಿಸಿದ. "ನಿಮ್ಮ ಕೈ ಬಿದ್ದಿದ್ದಕ್ಕಿಂತ ಚೆನ್ನಾಗಿ ಬಂದಿದೆ, ನೋಡಿ" ಎಂದು ಅವಳು ಚುಡಾಯಿಸಿದಾಗ ಬಹಳ ದಿನಗಳ ಮೇಲೆ ಅವನ ಮುಖದಲ್ಲಿ ನಗು ಮೂಡಿತು.

ಆ ವಾರವೇ ಸಭೆಯಲ್ಲಿ ಮಾತಾಡಿದ ಅಧಿಕಾರಿ ಬೈಕಿನಲ್ಲಿ ಬಂದ. ಮೇಲಿನಿಂದ ತೆಗೆದ ಚಿತ್ರದಲ್ಲಿ ನರ್ಸಕ್ಕನ ಹೊಲದ ಒಂದು ಭಾಗ ಹಳದಿಯಾಗಿ ಕಾಣುತ್ತಿದೆಯಂತೆ. ಬೀಳುಬಿಟ್ಟ ಹೊಲದಲ್ಲಿ ಬೆಳೆ ಇರಬಾರದು. ನರ್ಸಕ್ಕ ಗಾಬರಿಯಾಗಿ ಸಾಲಪ್ಪನಿಗೆ ಹೇಳಿಕಳಿಸಿದಳು.

"ಯಾರೂ ಬಿತ್ತಿಲ್ಲ ಸಾರ್, ತಾನೇ ಹುಟ್ಟಿದ್ದು" ಎಂದ ಸಾಲಪ್ಪ.

"ನೋಡಿದ್ರೆ ನನಗೂ ಗೊತ್ತಾಗುತ್ತೆ ಯಜಮಾನ್ರೇ. ಆದ್ರೆ ಚಿತ್ರಕ್ಕೆ ಗೊತ್ತಾಗಲ್ಲವಲ್ಲ. ಕಾಳು ಕಟ್ಟೋ ಮುಂಚೆ ತೆಗೆಸ್ಬಿಡಿ. ಇಲ್ದಿದ್ರೆ ಅಮ್ಮನವರ ಈ ವರ್ಷದ ಹಣ ತಡೆಹಿಡೀತಾರೆ. ನನ್ನ ಕೈಲೇನೂ ಇಲ್ಲ."

"ಕಾಳು ಕಟ್ಟಿದ ಮೇಲೆ ಕೊಯ್ದ್ರೆ ಆಗಲ್ವಾ? ಹೇಗೂ ಬಂದಿದೆ. ಹಕ್ಕಿಗಾದ್ರೂ ಹಾಕಬಹುದು."

ಅಧಿಕಾರಿ ತನ್ನ ಬೂಟಿಗೆ ಹತ್ತಿದ್ದ ಮಣ್ಣನ್ನು ಕಲ್ಲಿಗೆ ಉಜ್ಜುತ್ತ, "ಆಗಲ್ಲ" ಎಂದ.

ಕೆಲಸಕ್ಕೆ ಬೇರೆ ಆಳನ್ನು ಕರೆಸುತ್ತೇನೆ ಎಂದಳು ನರ್ಸಕ್ಕ. ಸಾಲಪ್ಪ ಒಪ್ಪಲಿಲ್ಲ. ಅನ್ಯರ ಕೈಯಿಂದ ಆ ಕೆಲಸವಾಗುವುದನ್ನು ದಾರಿಯಲ್ಲಿ ನಿಂತು ನೋಡುವುದಕ್ಕಿಂತ ತಾನೇ ಮಾಡುವುದು ವಾಸಿ ಎನಿಸಿತು. ಬೆಳಗ್ಗೆ ಕುಡುಗೋಲು ಹಿಡಿದು ಇಳಿದ. ಟ್ರ್ಯಾಕ್ಟರ್ ತರಬಹುದಿತ್ತು, ತರಲಿಲ್ಲ. ಬಗ್ಗಿ ಬುಡಕ್ಕೆ ಬೀಸಿದರೆ ತಲೆಭಾರದ ಗಿಡ ಅವನ ಹೆಗಲ ಮೇಲೇ ಬೀಳುತ್ತಿತ್ತು. ಅದನ್ನು ಸರಿಸಿ ಮುಂದಿನದಕ್ಕೆ ಬಗ್ಗುತ್ತಿದ್ದ. ಜೇನುನೊಣಗಳು ಬಿದ್ದ ಹೂವನ್ನೂ ಬಿಡದೆ ಮುತ್ತಿಕೊಂಡು ಗುಂಯ್ ಎನ್ನುತ್ತಿದ್ದವು. ಕಡಿಯುತ್ತ ಹೋದಂತೆ ತಾನು ಒಂದು ಕಡೆಯಿಂದ ನೇರವಾಗಿ, ಗೆರೆ ಎಳೆದಂತೆ ಕಡಿಯುತ್ತಿರುವುದು ಅವನ ಗಮನಕ್ಕೆ ಬಂತು. ಸಿಟ್ಟು ಬಂದು ಅಲ್ಲೊಂದು ಇಲ್ಲೊಂದು ಕಂಡಕಂಡ ಹಾಗೆ ಬೀಸಲು ನೋಡಿದ. ಕೈ ಕೇಳಲಿಲ್ಲ, ಮತ್ತೆ ಸಾಲಿಗೇ ಬಂತು.

ಮಧ್ಯಾಹ್ನ ನರ್ಸಕ್ಕ ತಾನೇ ಬುತ್ತಿ ತಂದಳು. ದಿಬ್ಬ ಹತ್ತಲಾರದೆ ಕೆಳಗೇ ನಿಂತು ಅವನನ್ನು ಕೂಗಿದಳು. ಇಬ್ಬರೂ ಬೇಲಿಯ ನೆರಳಲ್ಲಿ ಕೂತರು. ಅವನು ಉಂಡ. ಅವಳು ನೀರು ಬಗ್ಗಿಸಿಕೊಟ್ಟಳು.

"ಅವಳಿಗೆ ಕಿಟಕಿ ಪಕ್ಕ ಹಾಸಿಗೆ ಸಿಕ್ಕಿದೆ" ಎಂದಳು, ತಪ್ಪೊಪ್ಪಿಕೊಳ್ಳುವವಳಂತೆ. "ಹೊರಗೆ ಒಂದು ಮರ ಕಾಣುತ್ತೆ."

"ಒಳ್ಳೇದಾಯ್ತು ಬಿಡಿ ಅಕ್ಕಾ" ಎಂದ ಅವನು. ಮನಸ್ಸಿನಿಂದಲೇ ಎಂದ. ಕೈ ತೊಳೆದುಕೊಂಡು ಮತ್ತೆ ಕುಡುಗೋಲು ಎತ್ತಿಕೊಂಡ.

ಆ ಸಂಜೆ ಮನೆಗೆ ಹೋದವನು ಹೆಂಡತಿಗೆ, "ಟ್ರ್ಯಾಕ್ಟರ್ ಕೊಟ್ಟುಬಿಡೋಣ" ಎಂದ. ದೂರದ ಊರಿನ ಇಟ್ಟಿಗೆ ಭಟ್ಟಿಯವನು ಬಂದು ತೆಗೆದುಕೊಂಡು ಹೋದ. ಹೋಗುವಾಗ ಅದು ಚಪ್ಪರದ ಕಂಬಕ್ಕೆ ಉಜ್ಜಿಕೊಂಡು ಕಂಬ ವಾಲಿತು. "ಅಯ್ಯೋ, ಸರಿ ಮಾಡಿಕೊಡ್ತೀನಿ" ಎಂದ ಭಟ್ಟಿಯವನು. "ಇರಲಿ ಬಿಡಿ, ಇನ್ನು ಅದರ ಕೆಳಗೆ ನಿಲ್ಲಿಸೋಕೆ ಏನಿದೆ" ಎಂದ ಸಾಲಪ್ಪ.

ಅವನಿಗೆ ಹಾಲಿನ ಡೈರಿಯಲ್ಲಿ ವ್ಯಾನ್ ಓಡಿಸುವ ಕೆಲಸ ಸಿಕ್ಕಿತು. ಬೆಳಗ್ಗೆ ಊರೂರಿನಿಂದ ಕ್ಯಾನುಗಳನ್ನು ಎತ್ತಿಕೊಂಡು ಡೈರಿಗೆ ಮುಟ್ಟಿಸುವುದು, ಸಂಜೆ ಮತ್ತೆ ಅದೇ. ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತಿತ್ತು, ಬೆನ್ನುನೋವಿನಿಂದಲೂ ಬಿಸಿಲಿನಿಂದಲೂ ಬಿಡುಗಡೆಯಾಗಿತ್ತು. ಹೆಂಡತಿ ಮೊದಲಿಗಿಂತ ನೆಮ್ಮದಿಯಾಗಿದ್ದಾಳೆಂದು ಅವನಿಗೆ ಅನಿಸುತ್ತಿತ್ತು. ಅದನ್ನು ಒಪ್ಪಿಕೊಳ್ಳುವುದೂ ಕಷ್ಟವೆನಿಸುತ್ತಿತ್ತು. ಮಳೆ ಹದವಾಗಿ ಬಿದ್ದ ದಿನಗಳಲ್ಲಿ ಮಾತ್ರ ಅವನು ಮನೆಯೊಳಗೆ ನಿಲ್ಲಲಾರದೆ ಬಾಲ ಸುಟ್ಟ ಬೆಕ್ಕಿನಂತೆ ಒಳಹೊರಗೆ ಓಡಾಡುತ್ತಿದ್ದ.

ಮೂರನೆಯ ವರ್ಷ ನರ್ಸಕ್ಕನ ತಂಗಿ ತೀರಿಕೊಂಡಳು. ಸಾಲಪ್ಪನೇ ಡೈರಿಗೆ ರಜೆ ಹೇಳಿ, ನಗರಕ್ಕೆ ಹೋಗಿ, ಬೇಕಾದದ್ದನ್ನೆಲ್ಲ ನೋಡಿಕೊಂಡ. ಎಲ್ಲ ಮುಗಿದು ಕೆಲವು ದಿನ ಕಳೆದ ಮೇಲೆ ನರ್ಸಕ್ಕ ಅವನ ವ್ಯಾನನ್ನು ದಾರಿಯಲ್ಲಿ ಕೈಯಡ್ಡ ಹಾಕಿ ನಿಲ್ಲಿಸಿದಳು.

"ಇನ್ನು ನನಗೆ ಆ ದುಡ್ಡು ಯಾಕೆ ತಮ್ಮಾ? ಪಿಂಚಣಿ ಸಾಕು. ಹೊಲ ವಾಪಸ್ ತಗೋ. ಮೊದಲಿನ ಹಾಗೆ ನೀನೇ ಮಾಡು. ಈ ಸಲ ಪತ್ರಾನೂ ಬರೆಸ್ಕೊಡ್ತೀನಿ."

ಸಾಲಪ್ಪ ಆಗಲೇ ವ್ಯಾನಿನಿಂದ ಇಳಿದು ಅವಳಿಗೆ ಬಾಗಿಲು ತೆಗೆದಿದ್ದ. ಟ್ರ್ಯಾಕ್ಟರ್ ಇಲ್ಲ ಎಂಬುದು ಆಮೇಲೆ ನೆನಪಾಯಿತು. ಬಾಡಿಗೆಗೆ ತರಬಹುದು, ಅದೇನು ಮಹಾ. ಅವಳನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ಹಿಂದೆ ಹಾಲು ತುಂಬಿದ ಕ್ಯಾನುಗಳು ಗಡಗಡ ಸದ್ದು ಮಾಡುತ್ತಿದ್ದರೂ ಲೆಕ್ಕಿಸದೆ, ನೇರವಾಗಿ ಕೃಷಿ ಕಚೇರಿಗೆ ವ್ಯಾನ್ ಬಿಟ್ಟ. ದಾರಿಯಲ್ಲಿ ಮೊದಲು ಏನು ಬಿತ್ತಬೇಕು ಎಂದು ಅವನೂ, ಗೋಧಿಯೇ ಹಾಕು ಎಂದು ಅವಳೂ ಮಾತಾಡಿಕೊಂಡರು.

ಅಧಿಕಾರಿ ಎದ್ದು ನಿಂತು ನರ್ಸಕ್ಕನಿಗೆ ಕುರ್ಚಿ ಕೊಟ್ಟ. ವಿಷಯ ಕೇಳಿದ. ಮುಖ ಸಣ್ಣದಾಯಿತು.

"ಅಮ್ಮಾ, ಸಹಿ ಹಾಕಿರೋದು ಹತ್ತು ವರ್ಷಕ್ಕೆ. ಮಧ್ಯ ಬಿಡ್ತೀನಿ ಅಂದ್ರೆ ಇದುವರೆಗೆ ಬಂದಿದ್ದನ್ನೆಲ್ಲ ಬಡ್ಡಿ ಸಮೇತ ಸರ್ಕಾರಕ್ಕೆ ವಾಪಸ್ ಕಟ್ಬೇಕು."

"ಅದು ಖರ್ಚಾಗಿ ಹೋಯ್ತಲ್ಲಪ್ಪಾ. ಆ ಹಾಸಿಗೆಗೆ ಹೋಯ್ತು."

"ಗೊತ್ತಮ್ಮಾ."

"ನಾನು ಸತ್ರೆ?"

"ಹೊಲ ಯಾರಿಗೆ ಬರುತ್ತೋ ಅವರ ಮೇಲೆ ಒಪ್ಪಂದ ಮುಂದುವರಿಯುತ್ತೆ."

ನರ್ಸಕ್ಕ ಮೇಜಿನ ಅಂಚು ಹಿಡಿದುಕೊಂಡಳು. "ನನ್ನ ಹೊಲದಲ್ಲಿ ಇವನು ಬಿತ್ತೋಕೆ ನಾನು ಒಪ್ಪಿದೀನಿ. ಇವನೂ ಒಪ್ಪಿದಾನೆ. ನೆಲಾನೂ ಇದೆ. ಮತ್ತೆ ಬೇಡ ಅನ್ನೋರು ಯಾರು? ಅವರನ್ನ ಕರೀರಿ, ನಾನು ಮಾತಾಡ್ತೀನಿ."

ಕರೆಯಲು ಅಧಿಕಾರಿಗಾದರೂ ಯಾರಿದ್ದರು. ಸಾಲಪ್ಪನೇ ಕೊನೆಗೆ ಅವಳ ತೋಳು ಹಿಡಿದು, "ಏಳಿ ಅಕ್ಕಾ, ಅವರಿಗೂ ಕೆಲಸ ಇರುತ್ತೆ" ಎಂದ.

ವ್ಯಾನಿಗೆ ಬಂದು ಕೂತಾಗ ಒಳಗೆಲ್ಲ ಹುಳಿ ವಾಸನೆ ಅಡರಿತ್ತು. ಬಿಸಿಲಿನಲ್ಲಿ ನಿಂತು ನಿಂತು ಹಾಲು ಕೆಡುತ್ತ ಬಂದಿತ್ತು. ಸಾಲಪ್ಪ ಇಳಿದು ಒಂದು ಕ್ಯಾನಿನ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದ. ಡೈರಿಯವರು ಇವತ್ತು ಬೈಯದೆ ಬಿಡುವುದಿಲ್ಲ. ಸಂಬಳದಲ್ಲಿ ಹಿಡಿದರೂ ಹಿಡಿದಾರು.

"ನನ್ನಿಂದ ಇದೂ ಆಯ್ತಲ್ಲೋ" ಎಂದಳು ನರ್ಸಕ್ಕ.

"ನಿಮ್ಮಿಂದ ಅಲ್ಲ ಅಕ್ಕಾ."

"ಮತ್ತೆ ಯಾರಿಂದ?"

ಅವನು ವ್ಯಾನ್ ಚಾಲೂ ಮಾಡಿ, ಹೊಲದ ಕಡೆಯ ದಾರಿ ಬಿಟ್ಟು ಸುತ್ತುದಾರಿ ಹಿಡಿದು, ಅವಳನ್ನು ಮನೆ ಬಾಗಿಲಲ್ಲಿ ಇಳಿಸಿದ. ಅವಳು ಗೇಟಿನ ಚಿಲಕ ಹಾಕಿಕೊಂಡು ಒಳಗೆ ಹೋಗುವವರೆಗೆ ಕಾದ. ಆಮೇಲೆ ಕೆಟ್ಟ ಹಾಲು ಹೊತ್ತುಕೊಂಡು ಡೈರಿಯ ಕಡೆಗೆ ಹೊರಟ.